ಎಂಬತ್ತೈದರಿಂದ ತೊಂಬತ್ತೇಳರವರೆಗೆ

ಜನವರಿ 11

ಅಪ್ಪನಿಗೆ,

ಫೋನು ಮಾಡಬಹುದಿತ್ತು. ಮಾಡಿದರೆ ನಿಮ್ಮ ದನಿ ನಾನು ಕೇಳಬೇಕು, ನನ್ನದು ನೀವು ಕೇಳಬೇಕು. ಅದಕ್ಕೇ ಕಾಗದ.

ಬರುವ ಮಾರ್ಚಿಗೆ ನನ್ನ ಮಗು ಬಟಾಣಿ ತೀರಿಕೊಂಡು ಎರಡು ವರ್ಷ. ಅಂದಿನಿಂದ ನಿಮಗೆ ಒಂದು ಸಾಲನ್ನೂ ಬರೆದಿಲ್ಲ. ಈಗ ಬರೆಯುತ್ತಿರುವುದೂ ಮಗಳಾಗಿ ಅಲ್ಲ. ದೊಡ್ಡಾಸ್ಪತ್ರೆಯ ಉಗ್ರಾಣವನ್ನು ಮೂವತ್ತೊಂದು ವರ್ಷ ನೋಡಿಕೊಂಡವರಿಗೆ ಒಬ್ಬ ಡಾಕ್ಟರು ಬರೆಯುತ್ತಿದ್ದಾಳೆ ಎಂದು ಓದಿಕೊಳ್ಳಿ.

ನಾವು ಊರು ಬದಲಿಸಿದ್ದು ನಿಮಗೆ ಗೊತ್ತಿದೆ. ಇಲ್ಲಿ ಒಂದು ತುರ್ತು ಚಿಕಿತ್ಸೆಯ ಕ್ಲಿನಿಕ್ ತೆರೆಯುತ್ತಿದ್ದೇವೆ. ಕೈ ಕೊಯ್ದುಕೊಂಡವರು, ಬಿದ್ದವರು, ಎದೆನೋವು ಎಂದು ಹೆದರಿದವರು ಮೊದಲು ಬಂದು ನಿಲ್ಲುವ ಜಾಗ. ಜೊತೆಗಿರುವ ಡಾಕ್ಟರು ವಯಸ್ಸಿನಲ್ಲಿ ನನಗಿಂತ ದೊಡ್ಡವರು, ದುಡ್ಡಿನಲ್ಲಿ ಇನ್ನೂ ದೊಡ್ಡವರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಜಾಗ ಮೊದಲು ಚಪ್ಪಲಿ ಅಂಗಡಿಯಾಗಿತ್ತು. ಗೋಡೆಯುದ್ದಕ್ಕೂ ಹಲಗೆಗಳಿವೆ, ಮೊಣಕಾಲಿನ ಎತ್ತರಕ್ಕೆ ಕನ್ನಡಿಗಳಿವೆ. ಒಳಗೆ ಓಡಾಡಿದರೆ ನಮ್ಮ ಪಾದಗಳಷ್ಟೇ ಕಾಣುತ್ತವೆ. ಮಕ್ಕಳನ್ನು ಕೂರಿಸಿ ಅಳತೆ ನೋಡುವ ಗಿಡ್ಡ ಸ್ಟೂಲೊಂದು ಉಳಿದಿತ್ತು, ಗುಜರಿಯವನಿಗೆ ಕೊಟ್ಟೆ.

ಜೂನಿನಲ್ಲಿ ತೆರೆಯಬೇಕು. ಏನೇನು ಬೇಕು, ಎಷ್ಟೆಷ್ಟು ಬೇಕು, ಯಾವುದು ಮೊದಲು, ಯಾವುದಕ್ಕೆ ಎಷ್ಟು ಹಣ ತೆಗೆದಿಡಬೇಕು ಎಂಬ ಪಟ್ಟಿ ಬೇಕಾಗಿದೆ. ಮಾರುವವರು ಕೊಟ್ಟ ಪಟ್ಟಿಗಳು ಮೂರಿವೆ, ಮೂರೂ ಸುಳ್ಳು ಹೇಳುತ್ತವೆ. ನೀವು ಹೇಳುವುದಿಲ್ಲ. ಅದೊಂದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹನ್ನೆರಡು ವರ್ಷಕ್ಕಿಂತ ಚಿಕ್ಕವರನ್ನು ನೋಡುವುದಿಲ್ಲ. ಸಾಮಾನಿನ ಕಪಾಟಿಗೆ ಬೀಗ ಇರುವುದಿಲ್ಲ, ಚೀಟಿ ಬರೆದು ಸಹಿ ಹಾಕಿ ಸಾಮಾನು ಪಡೆಯುವ ಪದ್ಧತಿಯೂ ಇರುವುದಿಲ್ಲ. ಈ ಎರಡರ ಬಗ್ಗೆ ಸಲಹೆ ಬೇಡ.

ಚಪ್ಪಲಿ ಅಂಗಡಿಯಿಂದ,
ಡಾಕ್ಟರು


ಜನವರಿ 20

ಡಾಕ್ಟರಮ್ಮನವರಿಗೆ,

ಕಾಗದ ತಲುಪಿತು. ಕೆಳಗಿನ ಮಹಡಿಯ ದರ್ಜಿ ತಂದುಕೊಟ್ಟ. ‘ಯಾರ್ದು ಸಾರ್, ಅಕ್ಷರ ಮುತ್ತು ಪೋಣಿಸಿದಂಗಿದೆ’ ಅಂದ. ಡಾಕ್ಟರದು ಎಂದರೆ ನಂಬುತ್ತಿರಲಿಲ್ಲ. ಆಫೀಸು ಕೆಲಸ ಎಂದೆ.

ಸ್ಟ್ರೆಚರ್ ಕೊಳ್ಳುವ ಮೊದಲು ಬಾಗಿಲು ಅಳೆ. ಚಪ್ಪಲಿ ಕೊಳ್ಳಲು ಬರುವವರು ನಡೆದು ಬರುತ್ತಾರೆ, ಆ ಬಾಗಿಲಿಗೆ ಮಲಗಿ ಬರುವವರ ಲೆಕ್ಕ ಗೊತ್ತಿರುವುದಿಲ್ಲ. ಆಕ್ಸಿಜನ್ ಸಿಲಿಂಡರು ಎರಡು ಸಾಲದು, ಮೂರು ಬೇಕು: ಒಂದು ನಡೆಯುತ್ತಿರುವುದು, ಒಂದು ತುಂಬಿ ನಿಂತಿರುವುದು, ಒಂದು ತುಂಬಿಸಲು ಹೋಗಿರುವುದು. ಅದರ ಬಾಯಿ ತೆಗೆಯುವ ಸ್ಪ್ಯಾನರನ್ನು ಅದರ ಕುತ್ತಿಗೆಗೇ ಸರಪಳಿ ಹಾಕಿ ಕಟ್ಟು. ನಮ್ಮ ಆಸ್ಪತ್ರೆಯಲ್ಲಿ ಆ ಸ್ಪ್ಯಾನರು ಹುಡುಕಿ ಕಳೆದ ಹೊತ್ತನ್ನು ಕೂಡಿಸಿದರೆ ನನ್ನ ಒಂದು ವರ್ಷದ ರಜೆಯಾಗುತ್ತದೆ.

ಯಂತ್ರ ಕೊಳ್ಳುವುದು ಮದುವೆಯಿದ್ದಂತೆ, ಒಂದು ದಿನದ ಖರ್ಚು. ಅದರ ಕಾಗದದ ಸುರುಳಿ, ವೈರು, ಬ್ಯಾಟರಿ, ರಿಪೇರಿ, ಇವು ಸಂಸಾರ. ಇರುವ ಹಣದಲ್ಲಿ ನೂರಕ್ಕೆ ಇಪ್ಪತ್ತು ಸಂಸಾರಕ್ಕೆ ತೆಗೆದಿಡು, ಯಾರು ಎಷ್ಟೇ ಗೋಗರೆದರೂ ಮುಟ್ಟಬೇಡ. ನಿಮ್ಮ ದೊಡ್ಡ ಡಾಕ್ಟರು ದೊಡ್ಡ ಎಕ್ಸ್-ರೇ ಯಂತ್ರವನ್ನೇ ಕೇಳುತ್ತಾರೆ. ಕೇಳದಿದ್ದರೆ ನನ್ನ ಹೆಸರು ಬದಲಿಸು. ಗೋಡೆಗೆ ಸೀಸದ ಹಾಳೆ ಹಾಕಿಸುವ ಖರ್ಚು ತೋರಿಸು, ತಾನಾಗಿಯೇ ಸಣ್ಣದಕ್ಕೆ ಬರುತ್ತಾರೆ.

ಪಟ್ಟಿ ಜೊತೆಗಿದೆ. ತೊಂಬತ್ತೇಳು ಸಾಲು. ಎಂಬತ್ತನಾಲ್ಕರ ತನಕ ಬರೆದಿದ್ದೇನೆ. ಎಂಬತ್ತೈದರಿಂದ ತೊಂಬತ್ತೇಳರವರೆಗೆ ಖಾಲಿ. ಅವು ಚಿಕ್ಕವರ ಸಾಮಾನು. ಸಲಹೆ ಬೇಡ ಎಂದಿದ್ದೀಯ, ಕೊಟ್ಟಿಲ್ಲ. ಇಲ್ಲದ ಸಾಮಾನಿಗೂ ಹಲಗೆಯ ಮೇಲೆ ಜಾಗ ಬಿಡುವುದು ನನ್ನ ಹಳೆಯ ಚಾಳಿ.

ಇತಿ, ಉಗ್ರಾಣದ ಮುದುಕ,
ನಿನ್ನ ಅಪ್ಪ


ಫೆಬ್ರವರಿ 4

ಅಪ್ಪನಿಗೆ,

ಬಾಗಿಲು ಅಳೆದೆ. ಸ್ಟ್ರೆಚರಿಗಿಂತ ಎರಡು ಬೆರಳು ಕಿರಿದು. ಆರ್ಡರು ಹೋಗಿಯೇ ಬಿಟ್ಟಿತ್ತು, ಫೋನು ಮಾಡಿ ನಿಲ್ಲಿಸಿದೆ. ಈಗ ಚೌಕಟ್ಟು ಒಡೆಯುತ್ತಿದ್ದಾರೆ. ದೊಡ್ಡ ಡಾಕ್ಟರು ‘ನಿಮ್ಮ ತಂದೆಗೆ ನಾವು ಸಂಬಳ ಕೊಡ್ಬೇಕಮ್ಮ’ ಎಂದರು. ತೆಗೆದುಕೊಳ್ಳುವುದಿಲ್ಲ ಎಂದೆ. ಎಕ್ಸ್-ರೇ ವಿಷಯದಲ್ಲೂ ನೀವು ಹೇಳಿದಂತೆಯೇ ಆಯಿತು. ಸೀಸದ ಲೆಕ್ಕ ನೋಡಿದ ಮೇಲೆ ಸಣ್ಣದೇ ಸಾಕು ಎಂದರು.

ಒಟ್ಟು ಹಣದಲ್ಲಿ ಯಂತ್ರಗಳಿಗೆ ನೂರಕ್ಕೆ ನಲವತ್ತು, ಒಡೆಯುವುದು ಕಟ್ಟುವುದಕ್ಕೆ ಇಪ್ಪತ್ತೈದು, ಮೊದಲ ಆರು ತಿಂಗಳ ಸಂಬಳ ಬಾಡಿಗೆಗೆ ಹದಿನೈದು, ನಿಮ್ಮ ‘ಸಂಸಾರ’ಕ್ಕೆ ಇಪ್ಪತ್ತು. ಒಪ್ಪಿಗೆಯಾಯಿತು.

ಖಾಲಿ ಸಾಲುಗಳನ್ನು ತೆಗೆದುಹಾಕಿದ್ದೇನೆ. ಪಟ್ಟಿ ಎಂಬತ್ತನಾಲ್ಕಕ್ಕೆ ಮುಗಿಯುತ್ತದೆ. ದೊಡ್ಡ ಡಾಕ್ಟರು ಕೇಳಿದರು: ‘ಮಕ್ಕಳ ಸಾಮಾನೆಲ್ಲ ಸೇರಿದ್ರೂ ಖರ್ಚಲ್ಲಿ ನೂರಕ್ಕೆ ಎರಡೂ ಆಗಲ್ಲ, ಯಾಕಮ್ಮ ಬಿಡ್ತೀಯ? ಊರಲ್ಲಿ ಅರ್ಧ ಜ್ವರ ಮಕ್ಕಳದ್ದೇ.’

‘ಹಾಗಾದ್ರೆ ಬೇರೆ ಡಾಕ್ಟರನ್ನ ನೋಡ್ಕೊಳ್ಳಿ’ ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಬಟಾಣಿಯ ವಿಷಯ ಗೊತ್ತಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಯಾರಿಗೂ ಹೇಳಬೇಡಿ ಎಂದು ನಿಮ್ಮ ಅಳಿಯನಿಗೂ ಹೇಳಿದ್ದೇನೆ. ಅವರು ಮೊದಲೇ ಮಾತು ಕಡಿಮೆ, ಈಗ ಇನ್ನೂ ಅನುಕೂಲ.

ನಾನು ಚೆನ್ನಾಗಿದ್ದೇನೆ. ಬೆಳಗ್ಗೆ ಏಳುತ್ತೇನೆ, ಮೂರು ಅಂಗಡಿಗಳ ದರ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಹತ್ತಿ, ಬ್ಯಾಂಡೇಜು, ಸೂಜಿ, ಹೊಲಿಗೆ ದಾರ. ಏನೂ ಅನ್ನಿಸುವುದಿಲ್ಲ. ಏನೂ ಅನ್ನಿಸದೆ ದಿನ ದೂಡಲು ಇದು ಒಳ್ಳೆಯ ಕೆಲಸ.

ಇಂತು,
ಡಾಕ್ಟರು


ಫೆಬ್ರವರಿ 22

ಮಗಳೇ,

ಡಾಕ್ಟರಮ್ಮ ಎಂದು ಬರೆಯಲು ಕೈ ಬರಲಿಲ್ಲ, ಹೊಟ್ಟೆಗೆ ಹಾಕಿಕೋ.

ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂದು ಬೋರ್ಡು ಹಾಕುತ್ತೀಯ. ಹಾಕು. ಕೂಸನ್ನು ಎತ್ತಿಕೊಂಡು ಓಡುವವರು ಬೋರ್ಡು ಓದುವುದಿಲ್ಲ. ಮೂವತ್ತೊಂದು ವರ್ಷ ನನ್ನ ಕಿಟಕಿಯ ಮೇಲೆ ‘ಊಟದ ವಿರಾಮ’ ಎಂಬ ಹಲಗೆ ತೂಗುತ್ತಿತ್ತು, ಅದನ್ನು ಒಬ್ಬರೂ ಓದಿದ್ದನ್ನು ನಾನು ಕಾಣೆ. ಬಂದಾಗ ಏನು ಮಾಡುತ್ತೀಯ? ಹಳೆಯ ಸಿಸ್ಟರೊಬ್ಬರು ಹೇಳುತ್ತಿದ್ದರು, ಚಿಕ್ಕ ಮಾಸ್ಕ್ ಇಲ್ಲದಿದ್ದರೆ ದೊಡ್ಡವರದನ್ನೇ ತಲೆಕೆಳಗು ಮಾಡಿ, ಅದರ ಮೂಗಿನ ತುದಿ ಗದ್ದದ ಕಡೆಗೆ ಬರುವಂತೆ ಒತ್ತಿ ಹಿಡಿದರೆ ಕೂಸಿನ ಮುಖಕ್ಕೆ ಕೂರುತ್ತದಂತೆ. ನಿನಗೆ ಗೊತ್ತೇ ಇರುತ್ತದೆ. ಆದರೂ ಬರೆದೆ.

ಚೀಟಿ ಬೇಡ ಎಂದಿದ್ದೀಯ. ನಿನಗೆ ಐದು ವರ್ಷವಿದ್ದಾಗ ಪೆನ್ಸಿಲಿಗೂ ಚೀಟಿ ಬರೆಸಿದವನು ನಾನು. ಸಹಿಯ ಕೆಳಗೆ ಗೆರೆ ಎಳೆಯುವುದನ್ನು ಕಲಿಸಿದ್ದೂ ನಾನೇ, ಗೆರೆ ಎಳೆದರೆ ಅದರ ಕೆಳಗೆ ಬೇರೆ ಯಾರೂ ಇನ್ನೊಂದು ಸಾಮಾನು ಸೇರಿಸಲಾಗದು ಎಂದು. ನಿನ್ನ ಅಮ್ಮ ಇದ್ದಾಗ ನನ್ನನ್ನು ಆಡಿಕೊಳ್ಳಲೆಂದೇ ಸಕ್ಕರೆಗೆ ಚೀಟಿ ಬರೆದು ಟೀಪಾಯಿಯ ಮೇಲೆ ಇಡುತ್ತಿದ್ದಳು. ಕಾರಣ ಎಂಬಲ್ಲಿ ‘ಗಂಡನ ನಾಲಿಗೆಗೆ’ ಎಂದು. ಆಸ್ಪತ್ರೆಯವರು ಬೆನ್ನ ಹಿಂದೆ ನನ್ನನ್ನು ಚೀಟಿ ಸಾಹೇಬ್ರು ಎನ್ನುತ್ತಿದ್ದರು. ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಬಟಾಣಿಗೂ ಕಲಿಸಿದ್ದೆ. ಬರೆಯಲು ಬರುತ್ತಿರಲಿಲ್ಲ, ಬಿಸ್ಕತ್ತಿಗೆ ದುಂಡಗೆ ಒಂದು ಚಿತ್ರ ಬರೆದು ಕೆಳಗೊಂದು ಗೆರೆ ಎಳೆದು ತರುತ್ತಿದ್ದಳು. ಎರಡು ಬೇಕಿದ್ದರೆ ಎರಡು ದುಂಡು, ಗೆರೆ ಮಾತ್ರ ಒಂದೇ.

ಪಾರ್ಸೆಲ್ಲಿನಲ್ಲಿ ಒಂದು ತಗಡಿನ ಡಬ್ಬಿ ಕಳಿಸಿದ್ದೇನೆ. ಎಂಬತ್ತೈದರಿಂದ ತೊಂಬತ್ತೇಳು. ನನ್ನ ಪಿಂಚಣಿಯಿಂದ ತಂದದ್ದು, ನಿಮ್ಮ ಲೆಕ್ಕಕ್ಕೆ ಸೇರಿಸಬೇಡ. ತೆರೆಯಬೇಕೆಂದೇನೂ ಇಲ್ಲ, ಮೂಲೆಯಲ್ಲಿ ಇಟ್ಟಿರು.

ಇತಿ ಆಶೀರ್ವಾದಗಳು,
ಅಪ್ಪ


ಮಾರ್ಚ್ 8

ಅಪ್ಪನಿಗೆ,

ಇವತ್ತು ಆ ದಿನ. ಡಬ್ಬಿಯನ್ನು ತೆರೆಯದೆ ವಾಪಸು ಕಳಿಸಿದ್ದೇನೆ, ರಸೀದಿ ಇದರ ಜೊತೆಗಿದೆ.

ನೀವು ಬಿಸ್ಕತ್ತಿನ ಚೀಟಿಯ ವಿಷಯ ಬರೆದಿರಿ. ನಾನು ಇನ್ನೊಂದು ಚೀಟಿಯ ವಿಷಯ ಬರೆಯುತ್ತೇನೆ. ಎರಡು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಸಾಕಾಗಿದೆ.

ಬಟಾಣಿಯ ಗಂಟಲು ಊದಿಕೊಂಡು ಉಸಿರು ಕಟ್ಟುತ್ತಿತ್ತು. ನಮ್ಮ ಆಸ್ಪತ್ರೆ, ನಮ್ಮ ವಾರ್ಡು, ಸುತ್ತಲೂ ನನ್ನ ಜೊತೆ ಕೆಲಸ ಮಾಡುವವರೇ. ಅವಳ ಗಂಟಲಿಗೆ ನಾಲ್ಕೂವರೆ ನಂಬರಿನ ಉಸಿರಾಟದ ಕೊಳವೆ ಬೇಕಿತ್ತು. ವಾರ್ಡಿನಲ್ಲಿದ್ದ ಕೊನೆಯದು ಬೆಳಗ್ಗೆ ಇನ್ನೊಂದು ಮಗುವಿಗೆ ಹೋಗಿತ್ತು. ಹೊಸದಾಗಿ ಸೇರಿದ ಸಿಸ್ಟರ್ ನಿಮ್ಮ ಉಗ್ರಾಣಕ್ಕೆ ಓಡಿದಳು. ಬರಿಗೈಯಲ್ಲಿ ಬಂದಳು. ‘ಸಹಿ ಬೇಕಂತೆ ಮೇಡಂ’ ಎಂದಳು, ಚೀಟಿ ಚಾಚಿದಳು.

ಸಹಿ ಹಾಕಿದ್ದು ನಾನು. ಮಿಕ್ಕವರ ಕೈಯೆಲ್ಲ ಬಟಾಣಿಯ ಮೇಲಿತ್ತು, ನನ್ನದೇ ಖಾಲಿ ಇತ್ತು. ಹೆಸರು ಬರೆದೆ, ದಿನಾಂಕ ಬರೆದೆ, ಕೆಳಗೆ ಗೆರೆ ಎಳೆದೆ. ನನ್ನ ಮಗು ನೀಲಿಗಟ್ಟುತ್ತಿರುವಾಗ ನಾನು ಗೆರೆ ನೆಟ್ಟಗೆ ಬರುವಂತೆ ಎಳೆದೆ. ನೀವು ಅಷ್ಟು ಚೆನ್ನಾಗಿ ಕಲಿಸಿದ್ದಿರಿ.

ನಾಲ್ಕು ನಿಮಿಷ. ಅದರಿಂದ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದರು. ನಾನೂ ಡಾಕ್ಟರೇ. ಹಾಗೆ ಯಾವಾಗ ಹೇಳುತ್ತೇವೆ ಎಂಬುದು ನನಗೆ ಗೊತ್ತು.

ಈ ಕಾಗದಕ್ಕೆ ಉತ್ತರ ಬೇಕಿಲ್ಲ. ಬ್ಯಾಟರಿ ಎಷ್ಟು ಗಂಟೆ ಬರುವಂಥದ್ದು ಕೊಳ್ಳಬೇಕು ಎಂಬುದನ್ನು ಮಾತ್ರ ತಿಳಿಸಿ.

ಡಾಕ್ಟರು


ಮಾರ್ಚ್ 31

ಮಗಳೇ,

ನಾಲ್ಕು ಗಂಟೆ ಬರುವ ಬ್ಯಾಟರಿ. ಫ್ರಿಜ್ಜಿಗೂ ಆಕ್ಸಿಜನ್ ಯಂತ್ರಕ್ಕೂ ಬೇರೆ ಬೇರೆ. ಒಂದೇ ಬ್ಯಾಟರಿಗೆ ಎರಡನ್ನೂ ಕಟ್ಟಿದರೆ ಎರಡೂ ಒಟ್ಟಿಗೆ ಕೈಕೊಡುತ್ತವೆ.

ಉತ್ತರ ಬೇಕಿಲ್ಲ ಎಂದಿದ್ದೀಯ. ಇದು ಉತ್ತರವಲ್ಲ, ನನ್ನ ಕಿಟಕಿಯ ಈ ಬದಿಯಲ್ಲಿ ನಡೆದದ್ದು. ಓದದೆ ಹರಿದುಹಾಕಿದರೂ ಸರಿ.

ಆ ಹುಡುಗಿ ಏದುಸಿರು ಬಿಡುತ್ತ ಬಂದಳು. ‘ಸಾರ್, ನಾಲ್ಕೂವರೆ ಕೊಡಿ, ಅರ್ಜೆಂಟು’ ಎಂದಳು. ಚೀಟಿಯಲ್ಲಿ ಸಹಿ ಇರಲಿಲ್ಲ. ‘ಇಲ್ಲಿಗೆ ಬರೋರಿಗೆಲ್ಲ ಅರ್ಜೆಂಟೇ ಕಣಮ್ಮ, ಸಹಿ ಮಾಡಿಸ್ಕೊಂಡು ಬಾ’ ಎಂದೆ. ಹಿಂದಿನ ತಿಂಗಳು ಒಂದು ಪೆಟ್ಟಿಗೆ ಕಾಣೆಯಾಗಿ ನನಗೆ ನೋಟಿಸು ಬಂದಿತ್ತು. ಸಬೂಬು ಹೇಳುತ್ತಿಲ್ಲ, ಇದ್ದದ್ದು ಹೇಳಿದೆ. ಯಾರಿಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಿನ್ನ ಮಗುವನ್ನು ಕರೆತಂದದ್ದೇ ನನಗೆ ಗೊತ್ತಿರಲಿಲ್ಲ.

ಅವಳು ಮತ್ತೆ ಬಂದಾಗ ಚೀಟಿಯಲ್ಲಿ ನಿನ್ನ ಸಹಿ ನೋಡಿದೆ. ನನಗೆ ಖುಷಿಯಾಯಿತು, ಅದನ್ನೂ ಹೇಳಿಬಿಡುತ್ತೇನೆ. ಇಷ್ಟು ಗಡಿಬಿಡಿಯಲ್ಲೂ ಎಷ್ಟು ನೀಟಾಗಿ ಗೆರೆ ಎಳೆದಿದ್ದಾಳೆ ನನ್ನ ಮಗಳು ಎಂದುಕೊಂಡು ಕೊಳವೆ ಕೊಟ್ಟೆ. ಮರುದಿನ ಬೀಗದಕೈ ಒಪ್ಪಿಸಿ ಬಂದೆ, ಮತ್ತೆ ಆ ಬಾಗಿಲು ತುಳಿದಿಲ್ಲ.

ಬಟಾಣಿಗೆ ಎಂದು ಗೊತ್ತಿದ್ದರೆ ತಕ್ಷಣ ಕೊಡುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಅದೇ ನನ್ನನ್ನು ತಿನ್ನುತ್ತಿದೆ. ಹಾಗಾದರೆ ಬೇರೆಯವರ ಮಗುವಾಗಿದ್ದರೆ ಕಾಯಲಿ ಎಂದೇ ಆಯಿತಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಜನರನ್ನು ಹಾಗೆ ಕಾಯಿಸಿದ್ದೇನೋ, ಅದಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕ ಇಟ್ಟಿಲ್ಲ.

ಡಬ್ಬಿ ತಲುಪಿತು. ನನ್ನ ಮೇಜಿನ ಮೇಲಿದೆ.

ಅಪ್ಪ


ಮೇ 12

ಅಪ್ಪನಿಗೆ,

ತಡವಾಯಿತು. ಕೆಲಸವಿತ್ತು.

ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಬಂದು ಹೋದರು. ಎಂಬತ್ತನಾಲ್ಕು ಸಾಲುಗಳಿಗೂ ಟಿಕ್ ಹಾಕಿದರು. ಸಿಲಿಂಡರಿನ ಕುತ್ತಿಗೆಗೆ ಸ್ಪ್ಯಾನರು ಕಟ್ಟಿರುವುದನ್ನು ಕಂಡು ‘ಇದನ್ನ ಎಲ್ಲಿ ಕಲಿತ್ರಿ?’ ಎಂದರು. ಮನೆಯಲ್ಲಿ ಎಂದೆ. ಕಪಾಟಿಗೆ ಬೀಗ ಯಾಕಿಲ್ಲ ಎಂದು ಕೇಳಿದರು. ಮಲಗಿಸುವ ಔಷಧಿಗಳಿಗೆ ಬೇರೆ ಪೆಟ್ಟಿಗೆಯಿದೆ, ಅದಕ್ಕೆ ಬೀಗವಿದೆ, ಕೀಲಿ ನನ್ನ ಕೊರಳಲ್ಲಿರುತ್ತದೆ ಎಂದೆ. ಒಪ್ಪಿದರು. ಚಿಕ್ಕವರನ್ನು ನೋಡುವುದಿಲ್ಲವಾದ್ದರಿಂದ ಮಕ್ಕಳ ಸಾಮಾನು ಇಲ್ಲದಿದ್ದರೂ ಅಡ್ಡಿಯಿಲ್ಲ, ಆದರೆ ಬೋರ್ಡು ದೊಡ್ಡದಾಗಿರಬೇಕು ಎಂದು ಬರೆದುಕೊಟ್ಟರು.

ಬೋರ್ಡು ಬರೆದದ್ದು ನಿಮ್ಮ ಅಳಿಯ. ಕುಂಚ ಹಿಡಿದು ಬಹಳ ಹೊತ್ತು ಏಣಿಯ ಮೇಲೆ ನಿಂತಿದ್ದರು. ‘ಹನ್ನೆರಡು ಅನ್ನೋದನ್ನ ಅಂಕಿಯಲ್ಲಿ ಬರೀಲಾ, ಅಕ್ಷರದಲ್ಲಿ ಬರೀಲಾ?’ ಎಂದು ಕೇಳಿದರು. ಅಂಕಿಯಲ್ಲಿ ಎಂದೆ.

ಹಲಗೆಗಳ ಮೇಲೆ ಈಗ ಗ್ಲೌಸು, ಸಲೈನು, ಬ್ಯಾಂಡೇಜುಗಳು ತುಂಬಿವೆ. ಕೊನೆಯ ಹಲಗೆ ಖಾಲಿ ಉಳಿದಿದೆ. ಕನ್ನಡಿಗಳನ್ನು ತೆಗೆಸಿಲ್ಲ, ಅದಕ್ಕೆ ಹಣ ಉಳಿಯಲಿಲ್ಲ.

ನಿಮ್ಮ ಕಾಗದ ಹರಿದುಹಾಕಲಿಲ್ಲ. ಅಳು ಬರಬೇಕಿತ್ತು ಅನ್ನಿಸಿತು, ಕಾದು ಕೂತೆ, ಬರಲಿಲ್ಲ. ಎದ್ದು ಹೋಗಿ ಗ್ಲೌಸಿನ ಪೆಟ್ಟಿಗೆಗಳನ್ನು ಅಳತೆಯ ಪ್ರಕಾರ ಜೋಡಿಸಿದೆ.

ಜೂನ್ ಹತ್ತಕ್ಕೆ ತೆರೆಯುತ್ತೇವೆ. ನೀವು ಬರುವ ಅಗತ್ಯವಿಲ್ಲ.

ಇಂತು,
ಡಾಕ್ಟರು


ಜೂನ್ 3

ಮಗಳೇ,

ಒಳ್ಳೆಯದಾಗಲಿ. ಮೊದಲ ವಾರ ಹತ್ತಿ ನೀನು ಎಣಿಸಿದ್ದಕ್ಕಿಂತ ಎರಡು ಪಟ್ಟು ಖರ್ಚಾಗುತ್ತದೆ, ಗಾಬರಿಯಾಗಬೇಡ. ಎಲ್ಲ ಹೊಸ ಜಾಗದಲ್ಲೂ ಹಾಗೇ.

ನಾನು ಬರುವುದಿಲ್ಲ. ಅಂದು ದರ್ಜಿಯ ಅಂಗಡಿಯಲ್ಲಿ ಕೂತು ಅವನ ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅವನು ಬೇಡ ಬೇಡ ಎನ್ನುತ್ತಲೇ ಇದ್ದಾನೆ.

ತಿಂಗಳ ಮೊದಲ ದಿನ ಡಬ್ಬಿ ತೆರೆದು ಒಂದೊಂದರ ತಾರೀಕು ನೋಡಿ ಮುಚ್ಚಿಡುತ್ತೇನೆ. ಯಾವುದೂ ಅವಧಿ ಮೀರಿಲ್ಲ.

ಆಶೀರ್ವಾದಗಳೊಂದಿಗೆ,
ಅಪ್ಪ


ಜುಲೈ 3

ಅಪ್ಪ,

ಹತ್ತಿ ಎರಡು ಪಟ್ಟಲ್ಲ, ಮೂರು ಪಟ್ಟು ಖರ್ಚಾಯಿತು.

ನಿನ್ನೆ ಬೆಳಗ್ಗೆ ಹತ್ತು ಗಂಟೆಗೆ ಒಬ್ಬಳು ಹೆಂಗಸು ಕೂಸನ್ನು ಎದೆಗೆ ಅವುಚಿಕೊಂಡು ಓಡಿ ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಕನ್ನಡಿಯಲ್ಲಿ ಕಂಡಿತು. ನಾನು ಬಗ್ಗಿ ಒಬ್ಬ ಮುದುಕರ ಮೊಣಕಾಲಿಗೆ ಹೊಲಿಗೆ ಹಾಕುತ್ತಿದ್ದೆ, ಮೊದಲು ನೋಡಿದ್ದು ಆ ಪಾದವನ್ನೇ. ಬೋರ್ಡಿನ ಕೆಳಗೇ ಬಂದಿದ್ದಳು. ನೀವು ಹೇಳಿದಂತೆ, ಓದಿರಲಿಲ್ಲ.

ಕೂಸಿಗೆ ಹದಿಮೂರು ತಿಂಗಳು. ಜ್ವರ ಏರಿ ಫಿಟ್ಸು ಬಂದಿತ್ತು, ನಿಂತಿರಲಿಲ್ಲ. ತುಟಿ ನೀಲಿ. ಸಿಸ್ಟರ್ ನನ್ನ ಮುಖ ನೋಡಿದಳು. ‘ಮೇಡಂ, ನಮ್ಮಲ್ಲಿ ಮಕ್ಕಳ್ದು ಏನೂ ಇಲ್ವಲ್ಲ’ ಎಂದಳು. ಗೊತ್ತು ಎಂದೆ. ದೊಡ್ಡವರ ಮಾಸ್ಕನ್ನು ತಲೆಕೆಳಗು ಮಾಡಿ ಹಿಡಿದೆ. ಕೂತಿತು, ಪೂರ್ತಿಯಲ್ಲ. ಒಂದು ಬದಿಯಿಂದ ಗಾಳಿ ಸೋರುತ್ತಿತ್ತು, ಅಲ್ಲಿ ನನ್ನ ಹೆಬ್ಬೆರಳು ಒತ್ತಿದೆ. ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಕ್ಲಿಪ್ಪು ಕೂಸಿನ ಬೆರಳಿಂದ ಜಾರಿ ಜಾರಿ ಬಿತ್ತು, ಪಾದಕ್ಕೆ ಅಂಟಿಸಿದೆವು. ತೂಕ ಎಷ್ಟು ಎಂದು ಕೇಳಿದೆ. ಪುಣ್ಯಕ್ಕೆ ತಾಯಿಗೆ ಗೊತ್ತಿತ್ತು, ಹೋದ ವಾರ ತೂಗಿಸಿದ್ದಳಂತೆ. ಕೊರಳಿನ ಕೀಲಿ ತೆಗೆದು ಸಿಸ್ಟರ್ ಕೈಗೆ ಕೊಟ್ಟೆ. ಪೆಟ್ಟಿಗೆಯಿಂದ ಅವಳು ತಂದ ಔಷಧಿಯನ್ನು ಕೂಸಿನ ಮೂಗಿಗೆ ಬಿಟ್ಟೆ. ಆರು ನಿಮಿಷಕ್ಕೆ ಫಿಟ್ಸು ನಿಂತಿತು. ಆಂಬುಲೆನ್ಸು ಬರುವಷ್ಟರಲ್ಲಿ ಕೂಸು ಕಿರುಚಿ ಅಳುತ್ತಿತ್ತು. ಸಂಜೆ ಆಸ್ಪತ್ರೆಗೆ ಫೋನು ಮಾಡಿ ಕೇಳಿದೆ, ಹಾಲು ಕುಡಿಯಿತಂತೆ.

ಹೋಗುವಾಗ ಆ ತಾಯಿ ಬಾಗಿಲಲ್ಲಿ ತಲೆಯೆತ್ತಿ, ‘ಬೋರ್ಡಲ್ಲಿ ಏನೋ ಬರ್ದಿದೆಯಲ್ಲ, ಏನಮ್ಮ ಅದು?’ ಎಂದು ಕೇಳಿದಳು. ದೊಡ್ಡ ಡಾಕ್ಟರು ನನ್ನ ಪಕ್ಕದಲ್ಲೇ ನಿಂತಿದ್ದರು. ‘ಏನಿಲ್ಲ, ಹಳೆಯದು’ ಎಂದರು.

ಏನೂ ಅನ್ನಿಸಲಿಲ್ಲ. ಎಲ್ಲ ಮುಗಿದ ಮೇಲೆ ಸಾಮಾನಿನ ಕೋಣೆಗೆ ಹೋಗಿ ಕೊನೆಯ ಹಲಗೆಯ ಮುಂದೆ ನಿಂತುಕೊಂಡೆ. ಏನನ್ನೋ ಹುಡುಕುತ್ತಿದ್ದೆ, ಏನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ನಿಮ್ಮ ತಗಡಿನ ಡಬ್ಬಿಯನ್ನು ಹುಡುಕುತ್ತಿದ್ದೆ. ನಾನೇ ವಾಪಸು ಕಳಿಸಿದ್ದನ್ನು. ಇನ್ನು ಐದು ನಿಮಿಷ ಫಿಟ್ಸು ನಿಲ್ಲದಿದ್ದರೆ ಆ ಕೂಸಿಗೆ ಕೊಳವೆ ಬೇಕಾಗುತ್ತಿತ್ತು. ಆ ತಾಯಿಗೆ ನಾನು ಏನು ಹೇಳುತ್ತಿದ್ದೆ, ಪಟ್ಟಿ ಎಂಬತ್ತನಾಲ್ಕಕ್ಕೆ ಮುಗಿಯುತ್ತದೆ ಎಂದೇ? ನಾನೂ ಕಿಟಕಿಯ ನಿಮ್ಮ ಬದಿಯಲ್ಲೇ ಕೂತಿದ್ದೆ ಅಪ್ಪ. ಬೀಗ ಇಲ್ಲದ ಕಪಾಟು ಇಟ್ಟುಕೊಂಡು.

ನಿಮ್ಮ ಮೇಲೆ ಕೋಪ ಇದೆ. ಹೋಗಿಲ್ಲ. ನನ್ನ ಮೇಲೂ ಇದೆ. ಎರಡು ವರ್ಷದಲ್ಲಿ ನನಗೆ ಅನ್ನಿಸಿದ್ದು ಇದೊಂದೇ, ಅದನ್ನು ನಿಮಗಲ್ಲದೆ ಬೇರೆ ಯಾರಿಗೂ ಬರೆಯಲಾರೆ.

ನಿಮ್ಮ ಅಳಿಯ ಬೆಳಗ್ಗೆಯಿಂದ ಬೋರ್ಡಿನ ಬಳಿ ಏಣಿಯ ಕೆಳಗೆ ಬಣ್ಣದ ಡಬ್ಬಿ ಇಟ್ಟುಕೊಂಡು ಕೂತಿದ್ದಾರೆ. ಏನು ಎಂದು ಕೇಳಿದರೆ ‘ಸುಮ್ನೆ’ ಎನ್ನುತ್ತಾರೆ.

ಇದರ ಕೆಳಗೆ ಒಂದು ಚೀಟಿ ಇದೆ.

ಬೇಡಿಕೆ ಚೀಟಿ
ಕ್ರಮಸಂಖ್ಯೆ: 85ರಿಂದ 97
ವಿವರ: ಚಿಕ್ಕವರ ಸಾಮಾನು, ತಗಡಿನ ಡಬ್ಬಿ ಒಂದು
ಕಾರಣ: ಕೂಸುಗಳು ಬರುತ್ತವೆ
ಸಹಿ:

ಸಹಿ ಹಾಕಿಲ್ಲ. ಮರೆತು ಬಿಟ್ಟದ್ದಲ್ಲ.

ನಿಮ್ಮ ಮಗಳು


ಜುಲೈ 7

ಮಗಳೇ,

ಚೀಟಿ ನಿನ್ನೆ ಸಂಜೆ ಕೈಸೇರಿತು. ದರ್ಜಿ ಮೆಟ್ಟಿಲು ಹತ್ತಿ ಬಂದು ಕೊಟ್ಟ. ನನ್ನ ಮುಖ ನೋಡಿ, ‘ಏನಾಯ್ತು ಸಾರ್, ಕೂತ್ಕೊಳ್ಳಿ’ ಎಂದು ನೀರು ತಂದ.

ಸಹಿ ಇಲ್ಲದ ಚೀಟಿಗೆ ಮೂವತ್ತೊಂದು ವರ್ಷದಲ್ಲಿ ಒಂದು ಸೂಜಿಯನ್ನೂ ಕೊಟ್ಟವನಲ್ಲ. ಒಂದು ದಿನ ಕೊಡಬೇಕಿತ್ತು. ಎರಡು ವರ್ಷ ನಾಲ್ಕು ತಿಂಗಳು ತಡವಾಯಿತು.

ಹದಿಮೂರೂ ಇವೆ, ಎರಡು ಸಲ ನೋಡಿದೆ. ಮಾಸ್ಕು ಮೂರು ಅಳತೆಯವು, ಉಸಿರು ಕೊಡುವ ಚಿಕ್ಕ ಚೀಲ, ಬಿ.ಪಿ. ಪಟ್ಟಿ, ಕಾಲಿಗೆ ಹಾಕುವ ಕ್ಲಿಪ್ಪು. ನಾಲ್ಕೂವರೆ ನಂಬರಿನವು ಆರು, ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಮುಚ್ಚಳ ಕೊಂಚ ಬಿಗಿಯಾಗಿತ್ತು, ದರ್ಜಿಯ ಹತ್ತಿರ ಎಣ್ಣೆ ಬಿಡಿಸಿದೆ. ಈಗ ಒಂದೇ ಬೆರಳಿಗೆ ತೆರೆಯುತ್ತದೆ.

ಪಾರ್ಸೆಲ್ಲಿಗೆ ಹಾಕಿದರೆ ನಾಲ್ಕು ದಿನ. ಅದಕ್ಕೆ ನಾನೇ ಹೊತ್ತು ತರುತ್ತಿದ್ದೇನೆ. ಬಸ್ಸಿನಲ್ಲಿ ಮೇಲಿನ ಹಲಗೆಗೆ ಹಾಕುವುದಿಲ್ಲ, ತೊಡೆಯ ಮೇಲೇ ಇರುತ್ತದೆ. ಅಲ್ಲಿ ಕೊನೆಯ ಹಲಗೆಗೆ ಜೋಡಿಸಿ ಸಂಜೆಯ ಬಸ್ಸಿಗೆ ವಾಪಸು ಬಾ ಎಂದರೆ ಬಂದುಬಿಡುತ್ತೇನೆ. ಈ ಕಾಗದಕ್ಕಿಂತ ನಾನೇ ಮೊದಲು ತಲುಪಬಹುದು. ಆದರೂ ಬರೆದೆ, ಕೊಟ್ಟದ್ದಕ್ಕೆ ಎಲ್ಲಾದರೂ ಒಂದು ಸಾಲು ಇರಲಿ ಎಂದು.

ಬಸ್ಸಿಗೆ ಹೊತ್ತಾಯಿತು. ಗೆರೆ ಎಳೆಯುತ್ತ ಕೂರುವುದಿಲ್ಲ.

ಅಪ್ಪ